ಕಾಲರಿನೊಳಗೆ ಒಂದು ಅಕ್ಷರ, ನಾಲ್ಕು ಅಂಕಿ

ಹಳೆಯ ಬಟ್ಟೆಗಳ ರಾಶಿಯಲ್ಲಿ ಸಿಕ್ಕಿದ ಆ ಉಣ್ಣೆಯ ಜಾಕೆಟ್ಟನ್ನು ಚಳಿಗೆ ಹಾಕಿಕೊಳ್ಳೋಣ ಅಂತಲೇ ತಂದಿದ್ದೆ. ಸೊಂಟಕ್ಕೇ ಮುಗಿಯುವ ಗಿಡ್ಡ ಜಾಕೆಟ್. ಎರಡನೇ ಮಹಾಯುದ್ಧದ ಕೊನೆಯ ಹೊತ್ತಿಗೆ ಅಮೆರಿಕದ ಸೇನೆ ಹೊಲಿಸಿದ್ದು. ಆ ಸೇನೆಯ ಜನರಲ್ ಐಸೆನ್‌ಹೋವರ್‌ನ ಅಡ್ಡಹೆಸರು ‘ಐಕ್’ ಅಂಟಿಕೊಂಡು ‘ಐಕ್ ಜಾಕೆಟ್’ ಆಯಿತು. ಗಾಳಿಗೆ ಹಾಕುವಾಗ ಕಾಲರಿನ ಒಳಗೆ ಮಾಸಿದ ಕಪ್ಪು ಶಾಯಿ ಕಂಡಿತು. ‘ಎಚ್’ ಅನ್ನುವ ಅಕ್ಷರ, ಮುಂದೆ ನಾಲ್ಕು ಅಂಕಿ. ಅದನ್ನು ನೋಡಿದ ಮೇಲೆ ತೊಟ್ಟುಕೊಳ್ಳಲು ಮನಸ್ಸು ಬರಲಿಲ್ಲ.

ಅದು ದೋಬಿ ಗುರುತು. ನೂರಾರು ಜನರ ಒಂದೇ ಬಣ್ಣದ ಬಟ್ಟೆ ಒಟ್ಟಿಗೆ ಒಗೆತಕ್ಕೆ ಬಿದ್ದಾಗ ಯಾರದು ಯಾವುದು ಅಂತ ತಿಳಿಯಲು, ಮನೆತನದ ಹೆಸರಿನ ಮೊದಲಕ್ಷರ ಮತ್ತು ಸೇವಾ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಹಾಕುತ್ತಿದ್ದರು. ಪೂರ್ತಿ ಸಂಖ್ಯೆಗೆ ಎಂಟು ಅಂಕಿ. ಉಳಿದ ನಾಲ್ಕನ್ನು ಹುಡುಕಬೇಕಿತ್ತು.

ಅದಕ್ಕೆ ದಾರಿ ತೋರಿಸಿದ್ದು ಜಾಕೆಟ್ಟಿನ ಮೇಲಿನ ಹೊಲಿಗೆಗಳೇ. ಎಡ ಭುಜದ ಮೇಲೆ ಕಪ್ಪು ಮಡಕೆ, ಅದರ ಮೇಲೆ ಕೆಂಪು ಹೋರಿಯ ತಲೆಬುರುಡೆ: 34ನೇ ಪದಾತಿ ಡಿವಿಜನ್. ಐಯೋವಾ, ಮಿನ್ನೆಸೋಟಾ, ಡಕೋಟಾಗಳ ನ್ಯಾಷನಲ್ ಗಾರ್ಡ್, ಅಂದರೆ ರಾಜ್ಯಗಳ ಅರೆಕಾಲಿಕ ಮೀಸಲು ಸೇನೆಯ ಹುಡುಗರಿಂದ ಕಟ್ಟಿದ ಪಡೆ. 1942ರ ಜನವರಿಯಲ್ಲೇ ಅದರ ಮೊದಲ ತಂಡ ಉತ್ತರ ಐರ್ಲೆಂಡಿನಲ್ಲಿ ಇಳಿಯಿತು. ಆಮೇಲೆ ಟ್ಯುನೀಸಿಯಾ, ಆಮೇಲೆ ಇಟಲಿ, ಕಸೀನೋ ಬೆಟ್ಟದ ಕಾಳಗದ ಆ ಘೋರ ಚಳಿಗಾಲ. ಎಡತೋಳಿನ ಕೆಳಗೆ ಆರು ಹೊಂಬಣ್ಣದ ಪಟ್ಟಿ; ವಿದೇಶದಲ್ಲಿ ಕಳೆದ ಪ್ರತಿ ಆರು ತಿಂಗಳಿಗೆ ಒಂದು. ಎದೆಯ ಮೇಲಿನ ರಿಬ್ಬನ್‌ಗಳಲ್ಲಿ ಒಂದು ಹಳದಿ. ಅದು ಪರ್ಲ್ ಹಾರ್ಬರ್ ದಾಳಿಗೂ ಮುಂಚೆ ಸೇವೆಯಲ್ಲಿದ್ದವರಿಗೆ ಮಾತ್ರ ಸಲ್ಲುತ್ತಿದ್ದ ಪದಕದ್ದು. ಬಲ ಜೇಬಿನ ಮೇಲೆ ಉಂಗುರದೊಳಗೆ ರೆಕ್ಕೆ ಬಿಚ್ಚಿದ ಹದ್ದು, ಗೌರವದಿಂದ ಬಿಡುಗಡೆಯಾದ ಗುರುತು. ಅಂದರೆ ಯುದ್ಧಕ್ಕೆ ಮೊದಲೇ ಸೇರಿದವನು, ಬಹುಶಃ ಗಾರ್ಡ್‌ನವನು, ಬದುಕಿ ಹಿಂತಿರುಗಿದವನು.

ಗಾರ್ಡ್‌ನವರ ಸಂಖ್ಯೆ 20ರಿಂದ ಶುರುವಾಗುತ್ತದೆ. ಮೂರನೆಯ ಅಂಕಿ ಪ್ರದೇಶದ್ದು. ಐಯೋವಾ, ಮಿನ್ನೆಸೋಟಾಗಳಿದ್ದ ಪ್ರದೇಶಕ್ಕೆ 7. ಹೀಗೆ ನನಗೆ ಗೊತ್ತಿಲ್ಲದೆ ಉಳಿದದ್ದು ನಾಲ್ಕನೆಯ ಅಂಕಿ ಒಂದೇ, ಹತ್ತು ಸಾಧ್ಯತೆ. ಆದರೆ ಕಾಲರಿನ ಅಂಕಿಗಳಲ್ಲೊಂದು 1 ಅಂತಲೂ 7 ಅಂತಲೂ ಓದಬಹುದಾಗಿತ್ತು. ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದೆ, ಫೋಟೊ ತೆಗೆದು ಹಿಗ್ಗಿಸಿ ನೋಡಿದೆ. ಬಗೆಹರಿಯಲಿಲ್ಲ. ಇಪ್ಪತ್ತೂ ಹುಡುಕುವುದೆಂದಾಯಿತು.

ಅಮೆರಿಕದ ರಾಷ್ಟ್ರೀಯ ಪತ್ರಾಗಾರದ ಜಾಲತಾಣದಲ್ಲಿ ಸುಮಾರು 90 ಲಕ್ಷ ಸೇನಾ ಭರ್ತಿ ದಾಖಲೆಗಳಿವೆ. ಸೈನಿಕರ ಪೂರ್ಣ ಕಡತಗಳು ಸೇಂಟ್ ಲೂಯಿಸ್‌ನಲ್ಲಿದ್ದವು, ಆದರೆ 1973ರ ಜುಲೈ 12ರ ಬೆಂಕಿಯಲ್ಲಿ ಆ ಕಾಲದ ಭೂಸೇನೆಯ ಕಡತಗಳಲ್ಲಿ ಶೇ. 80ರಷ್ಟು ಸುಟ್ಟುಹೋದವು. ಹಾಗಾಗಿ ಈ ಒಂದೊಂದು ಸಾಲಿನ ದಾಖಲೆಗಳೇ ಗತಿ. ಇಪ್ಪತ್ತು ಸಂಖ್ಯೆಗಳನ್ನು ಒಂದೊಂದಾಗಿ ಹಾಕುತ್ತ ಹೋದೆ. ಹೆಚ್ಚಿನವು ಬೇರೆ ಅಕ್ಷರದವರವು, ಕೆಲವು ಖಾಲಿ. ‘ಎಚ್’ ಹೆಸರಿನವರು ಇಬ್ಬರು ಉಳಿದರು. ಒಬ್ಬ 1ರವನು, ಒಬ್ಬ 7ರವನು.

ಮೊದಲಿನವನ ಹೆಸರು ಯುದ್ಧದಲ್ಲಿ ಮಡಿದವರ ಪಟ್ಟಿಯಲ್ಲಿತ್ತು. 1944ರ ಫೆಬ್ರವರಿ, ಇಟಲಿ. ನೆಟ್ಟೂನೋದ ಸಮಾಧಿ ಭೂಮಿಯಲ್ಲಿ, 7,800ಕ್ಕೂ ಹೆಚ್ಚು ಗೋರಿಗಳ ನಡುವೆ ಅವನದೂ ಒಂದು. ಸೇವಾ ಸಂಖ್ಯೆ ಅಂಕಿಗೆ ಅಂಕಿ ಕೂಡಿ ಬಂದಿತ್ತು. ಇವನೇ ಅಂದುಕೊಂಡೆ. ಎರಡು ದಿನ ಜಾಕೆಟ್ ಇದ್ದ ಕೋಣೆಗೆ ಹೋದರೆ ಮಾತು ತಗ್ಗಿಸುತ್ತಿದ್ದೆ.

ಮೂರನೆಯ ದಿನ ತೋಳಿನ ಪಟ್ಟಿಗಳನ್ನು ಮತ್ತೆ ಎಣಿಸಿದೆ. ಆರು ಪಟ್ಟಿ ಅಂದರೆ ಮೂರು ವರ್ಷ. ಫೆಬ್ರವರಿ 1944ಕ್ಕೆ ಅವನಿಗೆ ಎರಡು ವರ್ಷ ತುಂಬಿದ್ದರೆ ಹೆಚ್ಚು. ಈ ನಮೂನೆಯ ಜಾಕೆಟ್ಟನ್ನು ಸೇನೆ ಒಪ್ಪಿಕೊಂಡದ್ದೇ ಆ ವರ್ಷದ ನವೆಂಬರಿನಲ್ಲಿ. ಬಿಡುಗಡೆಯ ಹದ್ದಂತೂ ಕಣ್ಣೆದುರಿಗೇ ಇತ್ತು. ಸತ್ತವನ ಕಥೆ ನನ್ನನ್ನು ಎಷ್ಟು ಹಿಡಿದುಬಿಟ್ಟಿತ್ತೆಂದರೆ, ಬಟ್ಟೆ ಹೇಳುತ್ತಿದ್ದುದನ್ನು ನಾನು ಕೇಳಿಸಿಕೊಂಡಿರಲಿಲ್ಲ. ಅವನಿಗೆ ಸಲ್ಲಬೇಕಾದ ದುಃಖ ನಿಜವೇ. ಜಾಕೆಟ್ ಮಾತ್ರ ಅವನದಲ್ಲ.

ಹಾಗಾದರೆ ಆ ಅಂಕಿ 7. ಐಯೋವಾದ ಹುಡುಗ, ಹೊಲದ ಕೆಲಸ, ಮದುವೆಯಾಗಿಲ್ಲ. ಸೇವೆಗೆ ಬಂದದ್ದು 1941ರ ಫೆಬ್ರವರಿ 10ರಂದು, ಇಡೀ ಡಿವಿಜನ್ನನ್ನು ಕೇಂದ್ರ ಸರ್ಕಾರ ಕರೆಸಿಕೊಂಡ ದಿನವೇ. ಅವನ ಜಿಲ್ಲೆಯ ಗ್ರಂಥಾಲಯಕ್ಕೆ ಬರೆದೆ. ಅಲ್ಲಿಯ ಗ್ರಂಥಪಾಲಕಿ ಹಳೆಯ ಪತ್ರಿಕೆಯ ನಿಧನ ವಾರ್ತೆಯೊಂದನ್ನು ಹುಡುಕಿ ಕಳಿಸಿದರು. 34ನೇ ಡಿವಿಜನ್, ಇಟಲಿ ಎಂದು ಅದರಲ್ಲಿ ಬರೆದಿತ್ತು. ಮಗಳ ಹೆಸರೂ ಇತ್ತು. ಆಕೆಗೆ ಕಾಗದ ಹಾಕಿದೆ, ಕಾಲರಿನ ಫೋಟೊ ಇಟ್ಟು.

ಮೂರು ವಾರದ ಮೇಲೆ ಫೋನ್ ಬಂತು. ವಯಸ್ಸಾದ, ಸ್ಪಷ್ಟವಾದ ದನಿ. ಅಪ್ಪ ಯುದ್ಧದ ಮಾತು ಆಡುತ್ತಿರಲಿಲ್ಲ, ಜಾಕೆಟ್ ಇತ್ತು ಅನ್ನುವುದೇ ತನಗೆ ಗೊತ್ತಿರಲಿಲ್ಲ ಅಂದರು. ಕಸೀನೋ ಬಗ್ಗೆ ಕೇಳುತ್ತಾರೆ ಅಂದುಕೊಂಡು ನಾನು ಟಿಪ್ಪಣಿ ಹಿಡಿದು ಕೂತಿದ್ದೆ. ಅವರು ಕೇಳಿದ್ದು ಬೇರೆ.

“ಒಳಗೆ ಅಳತೆ ಬರೆದಿರುತ್ತಲ್ಲ, ಎಷ್ಟಿದೆ?”

ಒಳಜೇಬಿನ ಚೀಟಿ ನೋಡಿ ಹೇಳಿದೆ, 36.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. “ನಾನು ಕಂಡಾಗಿನಿಂದ ಅಪ್ಪ ಬಾಗಿಲು ತುಂಬುವಷ್ಟು ದಪ್ಪ ಇದ್ದರು,” ಅಂದರು. “36 ನನ್ನ ಮೊಮ್ಮಗನಿಗೆ ಆಗುತ್ತೆ. ಅವನಿಗೀಗ ಹತ್ತೊಂಬತ್ತು.”

ವಿಳಾಸ ಹೇಳಿದರು. ಒಂದೊಂದೇ ಅಕ್ಷರ ಬಿಡಿಸಿ ಹೇಳಿಸಿಕೊಂಡು ಬರೆದುಕೊಂಡೆ.