"ಇದರಿಂದ ಏನಾದ್ರೂ ಮಾಡಬಹುದಾ?" ಅಂತ ಕೇಳುವವರಿಗೆಲ್ಲ ನನ್ನ ಉತ್ತರ

ಮನೆ ಬದಲಾಯಿಸುವವರು, ಊರಿನ ಹಳೇ ಮನೆ ಕೆಡವುತ್ತಿರುವವರು, ಅಟ್ಟ ಖಾಲಿ ಮಾಡಲು ಹೊರಟವರು, ಎಲ್ಲರೂ ನನಗೆ ಒಂದು ಫೋಟೋ ಕಳಿಸುತ್ತಾರೆ. ಕೆಳಗೆ ಒಂದು ಸಾಲು. "ಇದರಿಂದ ಏನಾದ್ರೂ ಮಾಡಬಹುದಾ, ಇಲ್ಲ ಗುಜರಿಗೆ ಹಾಕಿಬಿಡಲಾ?" ಹಳೇ ಸಾಮಾನು ಉಜ್ಜಿ, ಜೋಡಿಸಿ, ಬೇರೆ ಏನೋ ಮಾಡುವ ಹುಚ್ಚು ನನಗಿದೆ ಅಂತ ಅವರಿಗೆ ಗೊತ್ತು. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಇಲ್ಲೇ ಬರೆದುಬಿಡುತ್ತೇನೆ.

ನಾನು ತಿರುಗಿ ಕೇಳುವುದು ಒಂದೇ: ಅದನ್ನ ಬಿಚ್ಚೋಕೆ ಬರುತ್ತಾ?

ಎಷ್ಟು ವರ್ಷದ್ದು, ಯಾವ ಮರ, ಅಜ್ಜನ ಕಾಲದ್ದಾ, ಇದೆಲ್ಲ ಆಮೇಲೆ. ಮುರಿಯದೆ ಬಿಡಿಬಿಡಿಯಾಗಿ ತೆಗೆಯಲು ಬಂದರೆ ಅದಕ್ಕೆ ಇನ್ನೊಂದು ಜನ್ಮ ಇದೆ. ಬರದಿದ್ದರೆ ಮೇಲೆ ಎಷ್ಟು ಬಣ್ಣ ಬಳಿದರೂ ಅಷ್ಟೇ.

ಹಳೇ ಮರದ ಮಂಚ ನೋಡಿ. ತಲೆ ಕಡೆ ಒಂದು ಹಲಗೆ, ಕಾಲ ಕಡೆ ಒಂದು, ನಡುವೆ ಎರಡು ಉದ್ದದ ಪಟ್ಟಿ. ನಾಲ್ಕು ಬೋಲ್ಟ್ ತೆಗೆದರೆ ಗೋಡೆಗೆ ಒರಗಿಸಿ ಇಡಬಹುದು. ಇದರಿಂದ ಜಗಲಿಗೆ ಒಂದು ಬೆಂಚು ಮಾಡುವುದು ಸುಲಭ. ತಲೆ ಕಡೆಯ ಹಲಗೆ ಬೆನ್ನಿಗೆ ಒರಗಾಯಿತು, ಕಾಲ ಕಡೆಯದನ್ನು ನಡುವೆ ಸೀಳಿದರೆ ಎರಡು ಕೈಗಳಾದವು, ಉದ್ದದ ಪಟ್ಟಿ ಕತ್ತರಿಸಿದರೆ ಕೂರುವ ಚೌಕಟ್ಟು. ಹೊಸ ಮರ ಬೇಕಾಗುವುದು ಮೇಲೆ ಹಾಸುವುದಕ್ಕೆ ಮಾತ್ರ, ಅದೂ ಮಂಚದ್ದೇ ಹಲಗೆ ಚೆನ್ನಾಗಿದ್ದರೆ ಬೇಡ. ಹೊಲಿಗೆ ಮಿಷನ್ನಿನ ಬೀಡುಕಬ್ಬಿಣದ ಕಾಲಿಗೂ ಇದೇ ಮಾತು, ಬೋಲ್ಟ್ ಬಿಚ್ಚಿದರೆ ಮೇಲೆ ಯಾವ ಹಲಗೆಯಾದರೂ ಕೂರುತ್ತದೆ. ಈಗ ಹೋಟೆಲ್ ಹೋಟೆಲಿನಲ್ಲೂ ಆ ಟೇಬಲ್ಲು ನೋಡಿ ನನಗಂತೂ ಸಾಕಾಗಿದೆ, ಆದರೂ ಗಟ್ಟಿ ಸಾಮಾನು ಅನ್ನುವುದು ನಿಜ.

ಹಳೇ ಕುರ್ಚಿಯಲ್ಲಿ ಬೋಲ್ಟ್ ಇರುವುದಿಲ್ಲ. ಒಂದು ತುಂಡಿನ ತುದಿಯನ್ನು ಸಣ್ಣದಾಗಿ ಕೆತ್ತಿ ಇನ್ನೊಂದರ ತೂತಿಗೆ ಕೂರಿಸಿ, ಅಡ್ಡಕ್ಕೆ ಬಿದಿರಿನ ಮೊಳೆ ಹೊಡೆದಿರುತ್ತಾರೆ. ಆ ಮೊಳೆ ಕೊರೆದು ತೆಗೆದರೆ ಕೂಡು ಬಿಡುತ್ತದೆ. ತುಂಬಾ ಹಳೇ ಸಾಮಾನಾದರೆ ಪ್ರಾಣಿಗಳ ಚರ್ಮ, ಮೂಳೆ ಬೇಯಿಸಿ ಮಾಡಿದ ಗೋಂದು ಹಾಕಿರಬಹುದು. ಬಿಸಿನೀರಿನ ಬಟ್ಟೆ ಸುತ್ತಿಟ್ಟರೆ ಅದು ಮೆತ್ತಗಾಗಿ ಸಡಿಲವಾಗುತ್ತದೆ. ಫೆವಿಕಾಲ್ ಬಂದದ್ದು 1959ರಲ್ಲಿ. ಅಂಥ ಬಿಳಿ ಗೋಂದಿನ ಕೂಡು ಅಷ್ಟು ಸುಲಭವಾಗಿ ಬಿಡುವುದಿಲ್ಲ, ಎಳೆದರೆ ಮರವೇ ಸೀಳುತ್ತದೆ. ಹಾಗಾಗಿ ಅಲುಗಾಡುವ ಹಳೇ ಕುರ್ಚಿ ಕಂಡರೆ ನನಗೆ ಖುಷಿ. ಅಲುಗಾಡುತ್ತಿದೆ ಅಂದರೆ ಬಿಚ್ಚೋಕೆ ಬರುತ್ತದೆ ಅಂತ ತಾನೇ!

ಇನ್ನು ಅಂಗಡಿಯಿಂದ ಡಬ್ಬದಲ್ಲಿ ಬಂದು, ಮನೆಯಲ್ಲಿ ಸ್ಕ್ರೂ ಹಾಕಿ ಜೋಡಿಸಿದ ಬೀರು. ಅದೂ ಬಿಚ್ಚಲು ಬರುತ್ತದಲ್ಲ ಅಂತ ಕೇಳುತ್ತಾರೆ. ಬಿಚ್ಚಲು ಬರುತ್ತದೆ, ಮತ್ತೆ ಕಟ್ಟಲು ಬರುವುದಿಲ್ಲ. ಅಂಥ ಬೀರು ಹೆಚ್ಚಾಗಿ ಪಾರ್ಟಿಕಲ್ ಬೋರ್ಡಿನದು, ಅಂದರೆ ಮರದ ಚೂರು, ಹೊಟ್ಟು ಎಲ್ಲ ಗೋಂದಿನಲ್ಲಿ ಕಲಸಿ ಒತ್ತಿದ ಹಲಗೆ. ಒಂದು ಸಲ ಸ್ಕ್ರೂ ತೆಗೆದರೆ ತೂತಿನ ಒಳಗೆ ಪುಡಿಯಾಗಿ, ಎರಡನೇ ಸಲ ಹಿಡಿತ ಸಿಗುವುದಿಲ್ಲ. ನೀರು ಕುಡಿದರೆ ಊದಿಕೊಳ್ಳುತ್ತದೆ, ಒಣಗಿದ ಮೇಲೂ ಮೊದಲಿನ ಹಾಗೆ ಆಗುವುದಿಲ್ಲ. ಗುರುತು ಹಿಡಿಯಲು ಸಾಮಾನನ್ನು ತಲೆಕೆಳಗೆ ಮಾಡಿ, ಬಣ್ಣ ಅಥವಾ ಹಾಳೆ ಹಚ್ಚದ ಅಂಚು ನೋಡಿ. ಮರದ ಎಳೆ ಮೇಲಿನಿಂದ ಅಂಚಿನವರೆಗೆ ಹರಿದು ಬಂದಿದ್ದರೆ ಗಟ್ಟಿ ಮರ. ಪದರ ಪದರ ಕಂಡರೆ ಪ್ಲೈವುಡ್, ಅದು ಪರವಾಗಿಲ್ಲ. ರವೆ ಹಾಗೆ ಕಂಡರೆ ಅದರ ಮೇಲೆ ನಿಮ್ಮ ಭಾನುವಾರ ಖರ್ಚು ಮಾಡಬೇಡಿ.

ಹುಳ ಹಿಡಿದಿದೆ ಅಂತ ಎಸೆಯಲು ಹೊರಟವರಿಗೆ ಒಂದು ಮಾತು. ಸಣ್ಣ ಸೂಜಿ ತೂತು, ಕೆಳಗೆ ಮೈದಾ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಅದು ಗೆದ್ದಲಲ್ಲ, ಕುಟ್ಟೆ ಹುಳ. ಅದಕ್ಕೆ ಬೇಕಾದದ್ದು ಮರದ ಹೊರಗಿನ ಬಿಳಿ ಭಾಗದಲ್ಲಿರುವ ಪಿಷ್ಟ. ಒಳಗಿನ ಕೆಚ್ಚನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ತೇಗದ ಕೆಚ್ಚಿನಲ್ಲಿ ಎಣ್ಣೆಯಂಶ ಇರುವುದರಿಂದ ಗೆದ್ದಲೂ ದೂರ. ಚಾಕುವಿನ ತುದಿ ಚುಚ್ಚಿ ನೋಡಿ. ಒಳಗೆ ಗಟ್ಟಿಯಿದ್ದರೆ ಬಿಳಿ ಭಾಗ ಕೆತ್ತಿ ತೆಗೆದು ಉಳಿದದ್ದನ್ನು ಬಳಸಬಹುದು. ಬೀಟೆ ಮರ ಸಿಕ್ಕಿದರಂತೂ ಒಂದು ಚೂರೂ ಬಿಸಾಕಬೇಡಿ. ಅದು ಈಗ ಅಷ್ಟು ಅಪರೂಪ, 2017ರಿಂದ ಆ ಜಾತಿಯ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೇ ನಿಯಂತ್ರಣ ಇದೆ.

ಪಾಲಿಶ್ ಕೂಡ ಬಿಚ್ಚಲು ಬರುವುದು, ಬಾರದ್ದು ಅಂತ ಎರಡು ಥರ. ಹಿಂದಿನವರು ಹಾಕುತ್ತಿದ್ದದ್ದು ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿದ ಪಾಲಿಶ್. ಕಣ್ಣಿಗೆ ಬೀಳದ ಮೂಲೆಯಲ್ಲಿ ಸ್ಪಿರಿಟ್ ಹಚ್ಚಿ ಒರೆಸಿ. ಅಂಟಂಟಾಗಿ ಬಟ್ಟೆಗೆ ಬಂದರೆ ಅರಗು. ಆಗ ಹೆಚ್ಚು ಉಜ್ಜುವ ಕೆಲಸವೇ ಇಲ್ಲ, ಮೇಲೆ ಮತ್ತೆ ಅರಗು ಹಚ್ಚಿದರೆ ಹಳೇದರ ಜೊತೆ ಬೆರೆತುಕೊಳ್ಳುತ್ತದೆ. ಮಳೆಗಾಲದಲ್ಲಿ ಮಾತ್ರ ಮಾಡಿಸಬೇಡಿ, ಗಾಳಿಯ ತೇವಕ್ಕೆ ಬೆಳ್ಳಗಾಗುತ್ತದೆ. ಮನೆಯಲ್ಲಿ ಕಲಘಟಗಿಯ ಬಣ್ಣದ ತೊಟ್ಟಿಲಿದ್ದರೆ ದಯವಿಟ್ಟು ಈ ಸ್ಪಿರಿಟ್ ಪ್ರಯೋಗ ಅದರ ಮೇಲೆ ಬೇಡ. ಅದರ ಬಣ್ಣ ಇರುವುದೇ ಅರಗಿನಲ್ಲಿ, ಒರೆಸಿದರೆ ಚಿತ್ರವೇ ಬರುತ್ತದೆ! ಒಣ ಬಟ್ಟೆಯಲ್ಲಿ ಧೂಳು ಒರೆಸಿ ಸುಮ್ನೆ ಬಿಡಿ. ಅದರಿಂದ ಹೂಕುಂಡ ಮಾಡುವ ಯೋಚನೆ ಇದ್ದವರು ನನಗೆ ಫೋಟೋ ಕಳಿಸಬೇಡಿ.

ಹಳೇ ಬಣ್ಣ ಬಳಿದ ಕಿಟಕಿ, ಬಾಗಿಲಿನ ವಿಷಯದಲ್ಲಿ ಹುಷಾರು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದು ಅನ್ನುವ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣ ಅಂದರೆ ಸೀಸ ಇರಬಹುದು ಅಂತಲೇ ಇಟ್ಟುಕೊಳ್ಳಿ. ಒಣ ಉಪ್ಪುಕಾಗದ ಹಿಡಿದು ಉಜ್ಜಿದರೆ ಆ ಪುಡಿ ನೇರ ಮೂಗಿಗೆ. ನೀರು ಹಾಕಿಕೊಂಡು ಉಜ್ಜಿ, ಒಳ್ಳೇ ಮಾಸ್ಕ್ ಹಾಕಿ, ಮಕ್ಕಳನ್ನು ಹತ್ತಿರ ಬಿಡಬೇಡಿ.

ಬರೀ ಮರದ ಮಾತಾಯಿತು. ಈ ಬಿಚ್ಚುವ ವಿದ್ಯೆ ನಮ್ಮ ಮನೆಗಳಲ್ಲಿ ಜಾಸ್ತಿ ಇದ್ದದ್ದು ಬಟ್ಟೆ, ಹಾಸಿಗೆಯಲ್ಲಿ. ಹತ್ತಿ ಹಾಸಿಗೆ ಗಂಟು ಕಟ್ಟಿದರೆ ಯಾರೂ ಎಸೆಯುತ್ತಿರಲಿಲ್ಲ. ಹತ್ತಿ ಹಿಂಜುವ ಪಿಂಜಾರರು ಬಿಲ್ಲು ಹೊತ್ತುಕೊಂಡು ಬೀದಿಗೆ ಬರುತ್ತಿದ್ದರು. ಹೊಲಿಗೆ ಬಿಚ್ಚಿ, ಹತ್ತಿ ಹೊರಗೆ ಸುರಿದು, ಬಿಲ್ಲಿನ ತಂತಿ ಮೀಟಿ ಮೀಟಿ ಅದನ್ನು ಹಗುರ ಮಾಡಿ, ಹೊಸ ಬಟ್ಟೆಗೆ ತುಂಬಿ ಹೊಲಿದು ಕೊಟ್ಟರೆ ಹಾಸಿಗೆ ಹೊಸದು, ಹತ್ತಿ ಅದೇ. ಈಗ ಆ ಕೆಲಸಕ್ಕೆ ಮಿಷನ್ ಬಂದಿದೆ, ಹತ್ತಿ ಹಾಸಿಗೆ ಅಂಗಡಿಯಲ್ಲಿ ಕೇಳಿದರೆ ಮಾಡಿಕೊಡುತ್ತಾರೆ. ಫೋಮ್ ಹಾಸಿಗೆ ನಡುವೆ ತಗ್ಗು ಬಿದ್ದರೆ ಏನೂ ಮಾಡಲು ಬರುವುದಿಲ್ಲ.

ಹಳೇ ಬಟ್ಟೆಯ ಚೂರು ಜೋಡಿಸಿ ಹೊಲಿಯುವ ಹೊದಿಕೆ, ಕೌದಿಯೂ ಹಾಗೇ. ಉತ್ತರ ಕರ್ನಾಟಕದ ಮನೆಗಳಲ್ಲಿ ಹರಿದ ಸೀರೆ, ಧೋತರ, ಮಕ್ಕಳ ಅಂಗಿ ಎಲ್ಲ ಕೊನೆಗೆ ಸೇರುವುದು ಅಲ್ಲಿಗೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಕೌದಿಯನ್ನು ಅಂಚಿನಿಂದ ಶುರು ಮಾಡಿ, ಚೂರು ಜೋಡಿಸುತ್ತ ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ಫೂಲಾ ಇಡುತ್ತಾರೆ, ಅದಿಲ್ಲದೆ ಅವರ ಪ್ರಕಾರ ಕೌದಿ ಮುಗಿದ ಹಾಗಲ್ಲ. ಎಲ್ಲ ಕೈಹೊಲಿಗೆ. ಎಲ್ಲಿ ಸವೆಯಿತೋ ಅಲ್ಲಿ ಇನ್ನೊಂದು ಚೂರು ಹಾಕಿದರಾಯಿತು. ನಮ್ಮ ಹತ್ತಿರ ಮರ ಉಜ್ಜುವ ಜಾಗ ಇಲ್ಲ, ಅಪಾರ್ಟ್‌ಮೆಂಟಿನಲ್ಲಿ ಸದ್ದು ಮಾಡುವಂತಿಲ್ಲ ಅನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಇದರ ಹಿಂದೆಯೇ ಬರುವ ಇನ್ನೊಂದು ಪ್ರಶ್ನೆ: "ಇಷ್ಟೆಲ್ಲ ಮಾಡೋ ಬದಲು ಹೊಸದೇ ಅಗ್ಗ ಅಲ್ವಾ?" ಕೆಲವು ಸಲ ಹೌದು. ಬಡಗಿಯ ದಿನಗೂಲಿ, ಪಾಲಿಶ್ ಮಾಡುವವರ ಕೂಲಿ, ಸಾಗಾಟ ಸೇರಿಸಿದರೆ ಡಬ್ಬದಲ್ಲಿ ಬರುವ ಟೇಬಲ್ಲೇ ಕಡಿಮೆಗೆ ಸಿಗುತ್ತದೆ. ನೀವು ಹೋಲಿಸಬೇಕಾದ್ದು ಆ ಟೇಬಲ್ಲಿನ ಜೊತೆ ಅಲ್ಲ, ಅದೇ ಗಟ್ಟಿ ಮರದಲ್ಲಿ ಹೊಸದು ಮಾಡಿಸಿದರೆ ಎಷ್ಟು ಅನ್ನುವುದರ ಜೊತೆ. ಯಾವುದಾದರೂ ಮರದ ಅಡ್ಡೆಗೆ ಹೋಗಿ ತೇಗ ಒಂದು ಘನ ಅಡಿಗೆ ಎಷ್ಟು ಅಂತ ಕೇಳಿ ಬನ್ನಿ, ಆಮೇಲೆ ಅಟ್ಟದ ಮೇಲಿನ ಮಂಚ ನೋಡಿ.

ಬೇಡ ಅನ್ನುವ ಸಾಮಾನೂ ಇವೆ. ಪ್ಯಾಕಿಂಗಿನ ಪ್ಯಾಲೆಟ್ (ಸರಕು ಇಟ್ಟು ಸಾಗಿಸುವ ಹಲಗೆ ಚೌಕಟ್ಟು) ಮರ ಬಳಸುವುದಾದರೆ ಅದರ ಮೇಲಿನ ಮುದ್ರೆ ನೋಡಿ. ಎಚ್‌ಟಿ (HT) ಅಂತಿದ್ದರೆ ಕಾಯಿಸಿದ ಮರ, ಸರಿ. ಎಂಬಿ (MB) ಅಂತಿದ್ದರೆ ಮೀಥೈಲ್ ಬ್ರೋಮೈಡ್ ಅನ್ನುವ ವಿಷದ ಹೊಗೆ ಹಾಕಿದ್ದು, ಮನೆಯೊಳಗೆ ತರಬೇಡಿ. ಟೈರಿಗೆ ಬಣ್ಣ ಬಳಿದು ಅಂಗಳದಲ್ಲಿ ಇಡುವವರು, ಅದರ ಹೊಟ್ಟೆಯಲ್ಲಿ ಮಳೆನೀರು ನಿಲ್ಲದ ಹಾಗೆ ತೂತು ಹಾಕಿ. ಡೆಂಗಿ ಹರಡುವ ಸೊಳ್ಳೆಗೆ ಅದಕ್ಕಿಂತ ಒಳ್ಳೇ ಮನೆ ಬೇಕಿಲ್ಲ. ಹಳೇ ದಪ್ಪ ಟಿವಿಯನ್ನು ಒಡೆದು ಮೀನಿನ ತೊಟ್ಟಿ ಮಾಡಲು ಹೋಗಬೇಡಿ. ಅದರ ಪಿಕ್ಚರ್ ಟ್ಯೂಬಿನ ಗಾಜಿನಲ್ಲಿ ಸೀಸ ಇದೆ, ಅದು ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಹೋಗಬೇಕು. ಇನ್ನು ಊದಿದ ಪಾರ್ಟಿಕಲ್ ಬೋರ್ಡ್ ಬೀರುವಿನ ಕತೆ ಏನು ಅಂದರೆ, ಗುಜರಿಯವರೂ ಅದರ ಹಿಡಿ, ಕೀಲು, ಕನ್ನಡಿ ಕಿತ್ತುಕೊಂಡು ಹಲಗೆ ಬಿಟ್ಟು ಹೋಗುತ್ತಾರೆ. ಅದನ್ನು ಉರಿಸಲೂಬೇಡಿ, ಗೋಂದಿನ ಹೊಗೆ ಕೆಟ್ಟದ್ದು. ಮನೆಗೆ ತರುವ ಮುಂಚೆಯೇ ಬಗ್ಗಿ ಅದರ ಅಂಚು ನೋಡಿದ್ದರೆ ಚೆನ್ನಾಗಿತ್ತು, ಅಷ್ಟೇ.