ಪರ್ಲ್‌ನ ಲೋಕಲ್ ಮತ್ತು ಹ್ಯಾಶ್‌ನ ಹಳೆಯ ಮೌಲ್ಯ
ಹ್ಯಾಶ್‌ನ (ಕೀ-ಮೌಲ್ಯ ಜೋಡಿಗಳ ಸಂಗ್ರಹದ) ಮೌಲ್ಯವೊಂದನ್ನು ಬೇರೆ ವೇರಿಯೇಬಲ್‌ನಲ್ಲಿ ಎತ್ತಿಟ್ಟು ಬದಲಿಸಿ, ಕೆಲಸ ಮುಗಿದ ಮೇಲೆ ಮತ್ತೆ ತುಂಬಿಸುವ ಪರ್ಲ್ ಪ್ರೋಗ್ರಾಮಿಂಗ್ ಭಾಷೆಯ ಸ್ಕ್ರಿಪ್ಟುಗಳನ್ನು ಈಗಲೂ ಓದುತ್ತಿರುತ್ತೇನೆ. ನಡುವೆ ಎಲ್ಲೋ ಡೈ (ದೋಷ ಎಸೆದು ಓಟ ಮುರಿಯುವ ಆದೇಶ) ಎದುರಾಗಿ ಹೊರಗಿನ ಇವ್ಯಾಲ್ (ದೋಷ ಹಿಡಿಯುವ ಬ್ಲಾಕ್) ಅದನ್ನು ಹಿಡಿದರೆ, ಮರಳಿ ತುಂಬಿಸುವ ಸಾಲಿಗೆ ಸರದಿಯೇ ಬರುವುದಿಲ್ಲ. ಮುಂದಿನದೆಲ್ಲ ಬದಲಾದ ಮೌಲ್ಯದಲ್ಲೇ ಓಡುತ್ತದೆ.

ಮೌಲ್ಯವನ್ನು ಬ್ಲಾಕಿನ ಮಟ್ಟಿಗಷ್ಟೇ ಬದಲಿಸುವ ಲೋಕಲ್ ಇರುವುದೇ ಇದಕ್ಕಾಗಿ. ಹೊರಗಿನ ಸಾರ್ಟ್ ಆದೇಶವನ್ನು ಕರೆಯುವ ಮುನ್ನ, ಬ್ಲಾಕಿನೊಳಗೆ ಎನ್ವ್ ಹ್ಯಾಶ್‌ನ (ಪರಿಸರ ವೇರಿಯೇಬಲ್‌ಗಳ ಹ್ಯಾಶ್) ಎಲ್‌ಸಿ_ಆಲ್ (ಭಾಷೆ-ಪ್ರದೇಶದ ನಿಯಮಗಳನ್ನು ಹೇಳುವ) ಕೀಗೆ ಲೋಕಲ್ ಹಚ್ಚಿ ‘ಸಿ’ ಎಂದು ಕೊಟ್ಟರೆ, ಬ್ಲಾಕಿನಿಂದ ಹೊರಬರುವ ದಾರಿ ರಿಟರ್ನ್ ಆಗಿರಲಿ, ಡೈ ಆಗಿರಲಿ, ಹಳೆಯ ಮೌಲ್ಯ ತಾನಾಗಿಯೇ ಮರಳುತ್ತದೆ. ಆ ಕೀ ಮೊದಲು ಇರಲೇ ಇಲ್ಲವಾದರೆ ಅದು ಅಳಿಸಿಯೇ ಹೋಗುತ್ತದೆ; ಕೈಯಾರೆ ಮರಳಿಸುವವರು ಸಾಮಾನ್ಯವಾಗಿ ಅಲ್ಲಿ ಅನ್‌ಡೆಫ್ (ಏನನ್ನೂ ಕೊಡದ ಖಾಲಿ) ಮೌಲ್ಯದ ಕೀಯೊಂದನ್ನು ಉಳಿಸಿಬಿಡುತ್ತಾರೆ, ಆಮೇಲೆ ಕೀ ಇದೆಯೇ ಎಂದು ನೋಡುವ ಎಗ್ಸಿಸ್ಟ್ಸ್ ಪರೀಕ್ಷೆ ತಪ್ಪು ಉತ್ತರ ಕೊಡುತ್ತದೆ.

ಮೈ ಎಂದು (ತನ್ನ ಬ್ಲಾಕಿಗಷ್ಟೇ ಸೀಮಿತವಾಗಿ) ಘೋಷಿಸಿದ ಇಡೀ ಹ್ಯಾಶ್‌ಗೆ ಲೋಕಲ್ ಸಲ್ಲದು, ಆದರೆ ಅದರ ಒಂದೊಂದು ಕೀಗೆ ಸಲ್ಲುತ್ತದೆ. ಕೀಯನ್ನು ತಾತ್ಕಾಲಿಕವಾಗಿ ಇಲ್ಲವಾಗಿಸಬೇಕಾದರೆ 2010ರಲ್ಲಿ ಬಂದ ಪರ್ಲ್ 5.12ರಿಂದ ಡಿಲೀಟ್ ಲೋಕಲ್ ಕೂಡ ಇದೆ. ಮರಳಿಸುವ ಹೊಣೆಯನ್ನು ಬದಲಾಯಿಸುವ ಸಾಲಿಗೇ ಕಟ್ಟಿರುವ ಈ ವಿನ್ಯಾಸದ ಬಗ್ಗೆ ನನಗೆ ನಿಜವಾದ ಗೌರವವಿದೆ. ಜಾಗತಿಕ ಹ್ಯಾಶ್‌ಗಳನ್ನು ಹೊತ್ತ ಹಳೆಯ ಸ್ಕ್ರಿಪ್ಟುಗಳನ್ನು ನೋಡಿಕೊಳ್ಳುವವರು ಮೊದಲು ಇದನ್ನೇ ಕಲಿಯಲಿ ಎಂಬುದು ನನ್ನ ಆಸೆ.