24ನೇ ಗಂಟೆಯ ಗೆರೆ

ಆಕ್ಸಿಜನ್ ಸಾಲದೇ ಹೋದಾಗ ಜೀವಕೋಶ ಹೇಗೆ ಬದುಕಿಕೊಳ್ಳುತ್ತದೆ ಅನ್ನುವುದು ನನ್ನ ಸಂಶೋಧನೆಯ ವಿಷಯ. ಓದಿ ತಿಳಿದುಕೊಂಡದ್ದು ಬೇಕಾದಷ್ಟಿತ್ತು. ಆದರೆ ಅದನ್ನೇ ಲ್ಯಾಬಿನಲ್ಲಿ ಕಣ್ಣಾರೆ ಕಂಡ ಸಂಜೆಯ ಖುಷಿಯೇ ಬೇರೆ. ಅದನ್ನು ಬರೆದಿಡಬೇಕು ಅನಿಸಿದೆ.

ನಮ್ಮ ಜೀವಕೋಶಗಳಲ್ಲಿ ಹಿಫ್-1 ಆಲ್ಫಾ ಎಂಬ ಪ್ರೋಟೀನ್ ಇದೆ. ಆಕ್ಸಿಜನ್ ಕಡಿಮೆಯಾದಾಗ ನೂರಾರು ಜೀನ್‌ಗಳನ್ನು ಎಬ್ಬಿಸುವುದು ಇದೇ. ವಿಚಿತ್ರ ಏನೆಂದರೆ, ಕೊರತೆ ಬಂದ ಮೇಲೆ ಜೀವಕೋಶ ಇದನ್ನು ತಯಾರಿಸಲು ಕೂರುವುದಿಲ್ಲ. ಆಕ್ಸಿಜನ್ ಧಾರಾಳವಾಗಿದ್ದಾಗಲೂ ಹಗಲು ರಾತ್ರಿ ತಯಾರಿಸುತ್ತಲೇ ಇರುತ್ತದೆ. ತಯಾರಾದ ಕೆಲವೇ ನಿಮಿಷಗಳಲ್ಲಿ ಒಡೆದು ಹಾಕುತ್ತಲೂ ಇರುತ್ತದೆ. ನೆಂಟರು ಯಾವಾಗ ಬಂದಾರೋ ಎಂದು ಗಳಿಗೆಗೊಮ್ಮೆ ಕಾಫಿ ಮಾಡಿ ಚೆಲ್ಲುವ ಮನೆಯ ಹಾಗೆ.

ಒಡೆಯುವ ಕೆಲಸಕ್ಕೆ ಚಾಲನೆ ಕೊಡುವುದು ಪಿಎಚ್‌ಡಿ-2 ಎಂಬ ಕಿಣ್ವ. ಅದು ಆಕ್ಸಿಜನ್ ಬಳಸಿಕೊಂಡು ಹಿಫ್‌ನ ಮೇಲೆ ಎರಡು ಕಡೆ, 402 ಮತ್ತು 564ನೇ ಜಾಗದ ಪ್ರೋಲಿನ್ ಎಂಬ ಅಮೈನೊ ಆಮ್ಲಗಳ ಮೇಲೆ, ಗುರುತು ಹಾಕುತ್ತದೆ. ಆ ಗುರುತನ್ನು ವಿಎಚ್‌ಎಲ್ ಎಂಬ ಇನ್ನೊಂದು ಪ್ರೋಟೀನ್ ಹಿಡಿದುಕೊಂಡರೆ ಹಿಫ್‌ನ ಕಥೆ ಮುಗಿಯಿತು. ಆಕ್ಸಿಜನ್ ಇಳಿದರೆ ಗುರುತು ಬೀಳುವುದಿಲ್ಲ, ಹಿಫ್ ಉಳಿದುಕೊಳ್ಳುತ್ತದೆ. ಮೈಯೊಳಗೆ ಸಾಮಾನ್ಯವಾಗಿ ಇರುವಷ್ಟು ಆಕ್ಸಿಜನ್‌ನಲ್ಲಿ ಈ ಕಿಣ್ವಕ್ಕೆ ಪೂರ್ತಿ ವೇಗ ಸಿಗುವುದಿಲ್ಲ. ಹಾಗಾಗಿ ಆಕ್ಸಿಜನ್ ಸ್ವಲ್ಪ ಇಳಿದರೂ ಇದರ ವೇಗ ಇಳಿಯುತ್ತದೆ. ಅಳೆಯುವ ಕೆಲಸಕ್ಕೆ ಹೇಳಿ ಮಾಡಿಸಿದ ಗುಣ, ಅಲ್ವಾ? ಗುರುತಿನ ಗುಟ್ಟು ಹೊರಬಿದ್ದದ್ದು 2001ರಲ್ಲಿ. ಸೆಮೆಂಜಾ, ರಾಟ್‌ಕ್ಲಿಫ್, ಕೇಲಿನ್ ಈ ಮೂವರಿಗೆ 2019ರಲ್ಲಿ ನೊಬೆಲ್ ಬಂತು.

ಆಕ್ಸಿಜನ್ ಇಳಿಸಿದರೆ ಎಷ್ಟು ಹೊತ್ತಿಗೆ ಹಿಫ್ ಎಷ್ಟಿರುತ್ತದೆ ಎಂದು ನೋಡಲು ನಾವು ಇಟ್ಟುಕೊಂಡದ್ದು ಹೀಲಾ ಜೀವಕೋಶಗಳನ್ನು. 1951ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಹೆಣ್ಣುಮಗಳಿಂದ, ಆಕೆಗೆ ಹೇಳದೆ ಕೇಳದೆ ತೆಗೆದುಕೊಂಡ ಜೀವಕೋಶಗಳ ಸಂತತಿ ಇವು. ಇವನ್ನು ಬೆಳೆಸುವ ಪ್ಲೇಟ್ ಕೈಗೆತ್ತಿಕೊಂಡಾಗಲೆಲ್ಲ ಆ ತಾಯಿಯ ನೆನಪು ಬರುತ್ತದೆ.

ಆಕ್ಸಿಜನ್ ಇಳಿಸಿಟ್ಟ ಮುಚ್ಚಿದ ಪೆಟ್ಟಿಗೆ, ಅಂದರೆ ಚೇಂಬರ್‌ನಲ್ಲಿ, ಆಕ್ಸಿಜನ್ 1 ಶೇಕಡಾ. ಹೊರಗಿನ ಗಾಳಿಯಲ್ಲಿ 21. ಎಲ್ಲ ಪ್ಲೇಟ್‌ಗಳೂ ಒಂದೇ ಹೊತ್ತಿಗೆ ಮುಗಿಯಬೇಕು. ಅದಕ್ಕೆ 24 ಗಂಟೆಯ ಪ್ಲೇಟ್ ಹಿಂದಿನ ದಿನವೇ ಒಳಗೆ ಹೋಯಿತು. ಮಾರನೆಯ ದಿನ 8 ಗಂಟೆಯದ್ದು, ಆಮೇಲೆ 4 ಗಂಟೆಯದ್ದು, ಕೊನೆಗೆ 1 ಗಂಟೆಯದ್ದು. ಕಷ್ಟ ಇರುವುದು ಮುಗಿಸುವಾಗ. ಗಾಳಿ ತಾಗಿದರೆ ಸಾಕು, ಹಿಫ್ ಕರಗತೊಡಗುತ್ತದೆ. ಚೇಂಬರ್‌ನ ಗ್ಲೌಸ್ ಒಳಗೆ ಕೈತೂರಿಸಿ, ಅಲ್ಲೇ ಮೀಡಿಯಾ (ಜೀವಕೋಶಗಳ ಆಹಾರದ ದ್ರವ) ತೆಗೆದು, ಅವನ್ನು ಒಡೆಯುವ ತಣ್ಣಗಿನ ಬಫರ್ ದ್ರಾವಣ ಹಾಕಿ, ಜೀವಕೋಶಗಳನ್ನು ಕೆರೆದು ಟ್ಯೂಬಿಗೆ ತುಂಬಬೇಕು. ದಪ್ಪ ಗ್ಲೌಸಿನಲ್ಲಿ ಟ್ಯೂಬಿನ ಮುಚ್ಚಳ ಹಾಕುವುದೇ ಒಂದು ಸಾಹಸ. ನಾನು ಏನೋ ಕೇಳಲು ಹೋದೆ. ಸೀನಿಯರ್ ಅಕ್ಕ, "ಮೊದಲು ಬಫರ್ ಹಾಕು, ಆಮೇಲೆ ಮಾತು" ಅಂದರು. ಒಂದು ಪ್ಲೇಟನ್ನು ಮಾತ್ರ ಬೇಕೆಂದೇ ಹೊರಗೆ ತಂದು 10 ನಿಮಿಷ ಗಾಳಿಗಿಟ್ಟೆವು.

ಪ್ರೋಟೀನ್‌ಗಳನ್ನು ಬೇರ್ಪಡಿಸಲು ಜೆಲ್ ಓಡಿಸಿದ್ದು, ಅವನ್ನು ಮೆಂಬ್ರೇನ್ ಎಂಬ ತೆಳು ಹಾಳೆಗೆ ಇಳಿಸಿದ್ದು, ಹಿಫ್ ಅನ್ನು ಗುರುತಿಸುವ ಆಂಟಿಬಾಡಿಯಲ್ಲಿ ರಾತ್ರಿಯಿಡೀ ನೆನೆಸಿದ್ದು ಎಲ್ಲ ಮಾಮೂಲಿ ಕೆಲಸ. ಮಾರನೆಯ ಸಂಜೆ ಯಂತ್ರದ ಪರದೆಯ ಮುಂದೆ ಇಬ್ಬರೂ ನಿಂತೆವು. ಗೆರೆಗಳು ಒಂದೊಂದಾಗಿ ಮೂಡಿದವು. ಗೆರೆ ಕಪ್ಪಾದಷ್ಟೂ ಹಿಫ್ ಹೆಚ್ಚು ಎಂದರ್ಥ. ಗಾಳಿಯಲ್ಲೇ ಇದ್ದ ಜೀವಕೋಶಗಳ ಜಾಗ ಖಾಲಿ. 1 ಗಂಟೆಗೆ ಮಸುಕು ಗೆರೆ. 4 ಗಂಟೆಗೆ ದಪ್ಪ ಕಪ್ಪು ಗೆರೆ. 8ಕ್ಕೂ ಹೆಚ್ಚುಕಡಿಮೆ ಹಾಗೇ. 10 ನಿಮಿಷ ಗಾಳಿ ಕಂಡದ್ದರಲ್ಲಿ ಇತ್ತೋ ಇಲ್ಲವೋ ಅನ್ನುವಷ್ಟು. ಕೆಳಗೆ, ಹೋಲಿಕೆಗೆಂದು ನೋಡಿದ ಆಕ್ಟಿನ್ ಎಂಬ ಪ್ರೋಟೀನ್ ಎಲ್ಲದರಲ್ಲೂ ಒಂದೇ ಸಮ.

"24ನೇದು ನೋಡು" ಅಂದರು ಅಕ್ಕ. ಅದು ತೆಳ್ಳಗಾಗಿತ್ತು. ಆಕ್ಸಿಜನ್ ಇನ್ನೂ ಅದೇ 1 ಶೇಕಡಾ. ಕೊರತೆ ನೀಗಿಲ್ಲ, ಕೂಗು ಮಾತ್ರ ತಗ್ಗಿದೆ!

ಇನ್ನೊಂದು ಮೆಂಬ್ರೇನ್‌ನಲ್ಲಿ ಉತ್ತರ ಇತ್ತು. ಅಲ್ಲಿ ಪಿಎಚ್‌ಡಿ-2 ನೋಡಿದ್ದೆವು. ಅದರ ಗೆರೆ ಗಂಟೆ ಗಂಟೆಗೂ ಗಾಢವಾಗುತ್ತಾ 24ಕ್ಕೆ ಎಲ್ಲಕ್ಕಿಂತ ಕಪ್ಪಾಗಿತ್ತು. ಹಿಫ್ ಎಬ್ಬಿಸುವ ಜೀನ್‌ಗಳಲ್ಲಿ ಪಿಎಚ್‌ಡಿ-2ರದ್ದೂ ಒಂದು. ತನ್ನನ್ನು ಒಡೆಯುವವನನ್ನು ತಾನೇ ಕರೆಸಿಕೊಳ್ಳುತ್ತದೆ. ಆಕ್ಸಿಜನ್ ಕಡಿಮೆ ಇದ್ದರೂ ಕಿಣ್ವ ಜಾಸ್ತಿಯಾದರೆ ಗುರುತು ಮತ್ತೆ ಬೀಳತೊಡಗುತ್ತದೆ. ಅಷ್ಟರೊಳಗೆ ಜೀವಕೋಶ ತನ್ನ ಬದುಕನ್ನೂ ಬದಲಿಸಿಕೊಂಡಿರುತ್ತದೆ. ಸಕ್ಕರೆಯನ್ನು ಆಕ್ಸಿಜನ್ ಬಳಸಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಕ್ಕೆ ಕಳಿಸುವುದು ಕಡಿಮೆ ಮಾಡಿ, ಆಕ್ಸಿಜನ್ ಬೇಡದ ದಾರಿಯಲ್ಲೇ ಶಕ್ತಿ ಮಾಡಿಕೊಳ್ಳುತ್ತದೆ. ಮೈಟೊಕಾಂಡ್ರಿಯ ಕಡಿಮೆ ಉಸಿರಾಡಿದರೆ, ಇರುವ ಚೂರುಪಾರು ಆಕ್ಸಿಜನ್ ಪಿಎಚ್‌ಡಿ-2ಕ್ಕೂ ಸಿಗುತ್ತದೆ.

ಹಿಫ್ ಏರುವುದರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನ್ನ ಮಟ್ಟಿಗೆ ಅದು ಇಳಿಯುವುದೇ ದೊಡ್ಡ ಸಂಗತಿ. ಇಳಿಯದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ವಿಎಚ್‌ಎಲ್ ಜೀನ್ ಕೆಟ್ಟವರ ಕಿಡ್ನಿ ಗೆಡ್ಡೆಗಳೇ ಸಾಕ್ಷಿ. ಅಲ್ಲಿ ಆಕ್ಸಿಜನ್ ಇದ್ದರೂ ಹಿಫ್ ಒಡೆಯುವುದಿಲ್ಲ, ರಕ್ತನಾಳಗಳು ಸುಮ್ನೆ ಬೆಳೆಯುತ್ತಲೇ ಹೋಗುತ್ತವೆ. ನನ್ನೂರು ಕುಶಾಲನಗರ. ಹೊಳೆಯಾಚೆ ಬೈಲಕುಪ್ಪೆ, ಕಾಲೇಜಿನಲ್ಲಿ ಟಿಬೆಟನ್ ಗೆಳತಿಯರಿದ್ದರು. ಟಿಬೆಟ್‌ನ ಎತ್ತರದಲ್ಲಿ ತಲೆಮಾರುಗಳಿಂದ ಬದುಕಿದವರಲ್ಲಿ ಇದೇ ಹಿಫ್ ಸರಣಿಯ ಜೀನ್‌ಗಳು ಬದಲಾಗಿವೆ ಎಂದು 2010ರಲ್ಲಿ ಗೊತ್ತಾಯಿತು. ನಾವು ಅಲ್ಲಿಗೆ ಹೋಗಿ ಉಳಿದರೆ ಹಿಮೋಗ್ಲೋಬಿನ್ ಏರಿ ರಕ್ತ ದಪ್ಪವಾಗುತ್ತದೆ. ಅವರಿಗೆ ಅಷ್ಟಾಗಿ ಏರುವುದಿಲ್ಲ. ಕಿಡ್ನಿ ರೋಗಿಗಳ ರಕ್ತಹೀನತೆಗೆ 2022ರಲ್ಲಿ ನಮ್ಮ ದೇಶದಲ್ಲೇ ಒಪ್ಪಿಗೆ ಪಡೆದ ಡೆಸಿಡುಸ್ಟಾಟ್ ಮಾತ್ರೆ ಪಿಎಚ್‌ಡಿ ಕಿಣ್ವಗಳನ್ನು ತಡೆದು ಹಿಫ್ ಏರಿಸುತ್ತದೆ, ಅದರಿಂದ ಹಿಮೋಗ್ಲೋಬಿನ್ ಏರುತ್ತದೆ. ಅದನ್ನೂ ದಿನಾ ಕೊಡುವುದಿಲ್ಲ, ವಾರಕ್ಕೆ ಮೂರು ಸಲ.

ಚಿತ್ರ ನೋಡಿದ ನಮ್ಮ ಮೇಡಂ ಒಂದೇ ಪ್ರಶ್ನೆ ಕೇಳಿದರು. "ಗೆರೆ ತೆಳ್ಳಗಾಗಿದೆ ಸರಿ. ಎಲ್ಲ ಜೀವಕೋಶದಲ್ಲೂ ಸ್ವಲ್ಪ ಸ್ವಲ್ಪ ಇಳಿದಿದೆಯಾ, ಇಲ್ಲಾ ಕೆಲವು ಪೂರ್ತಿ ಇಳಿಸಿ ಇನ್ನು ಕೆಲವು ಇನ್ನೂ ಮೇಲೆ ಇವೆಯಾ?" ನಮ್ಮ ಗೆರೆಯಿಂದ ಅದು ತಿಳಿಯುವುದಿಲ್ಲ. ಅದು ಲಕ್ಷಾಂತರ ಜೀವಕೋಶಗಳನ್ನು ಒಟ್ಟಿಗೆ ಕೆರೆದು ತೆಗೆದ ಸರಾಸರಿ. ಅದಕ್ಕೇ ಹಿಫ್‌ಗೆ ಹಸಿರು ಹೊಳೆಯುವ ಪ್ರೋಟೀನ್ ಜೋಡಿಸಿ, ಒಂದೊಂದೇ ಜೀವಕೋಶವನ್ನು ರಾತ್ರಿಯಿಡೀ ಮೈಕ್ರೋಸ್ಕೋಪಿನಲ್ಲಿ ನೋಡುವುದು ಎಂದು ತೀರ್ಮಾನವಾಯಿತು. ಅಕ್ಕ ಅವತ್ತೇ ಮೈಕ್ರೋಸ್ಕೋಪಿನ ಬುಕಿಂಗ್ ಪುಸ್ತಕದಲ್ಲಿ ನಮ್ಮಿಬ್ಬರ ಹೆಸರು ಬರೆದರು.